ಸಕ್ಕರೆ ಏರುವ ಮುನ್ನ: ಮಕ್ಕಳ ಮಧುಮೇಹವೂ ರೋಗನಿರೋಧಕ ವ್ಯವಸ್ಥೆಯ ವಯಸ್ಸೂ



ಟೈಪ್ ಒನ್ ಮಧುಮೇಹ ಬರುವ ಮಕ್ಕಳ ಮೈಯೊಳಗೆ ರೋಗನಿರೋಧಕ ವ್ಯವಸ್ಥೆ ಹೇಗೆ ಬದಲಾಗುತ್ತದೆ ಎಂಬುದು ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ. ಇದು ವೈದ್ಯರಿಗೆ ಮಾತ್ರ ಬೇಕಾದದ್ದು ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಐದು ವರ್ಷದ ಮಗುವಿಗೆ ಇನ್ನು ಮೇಲೆ ದಿನಕ್ಕೆ ಹಲವು ಸಲ ಇನ್ಸುಲಿನ್ ಚುಚ್ಚಬೇಕು ಎಂದು ಗೊತ್ತಾದ ದಿನ ಆ ಮನೆಯಲ್ಲಿ ಏಳುವ ಪ್ರಶ್ನೆಗಳು ವೈದ್ಯಶಾಸ್ತ್ರದ ಪುಸ್ತಕದೊಳಗೆ ಮುಗಿಯುವಂಥವಲ್ಲ. ಸಿಹಿ ಜಾಸ್ತಿ ಕೊಟ್ಟೆವೇ? ಬಸಿರಿನಲ್ಲಿ ಪಥ್ಯ ತಪ್ಪಿತೇ? ಹಾಕಿಸಿದ ಚುಚ್ಚುಮದ್ದಿನಿಂದ ಬಂತೇ? ಯಾರ ಕಡೆಯಿಂದ ಬಂತು, ತಾಯಿಯ ತವರಿನಿಂದಲೋ ತಂದೆಯ ಮನೆತನದಿಂದಲೋ? ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ತಾಯಿಯ ತಲೆಯ ಮೇಲೇ ಬಂದು ಕೂರುತ್ತವೆ. ಇವೆಲ್ಲದರ ಹಿಂದೆ ಒಂದು ನಂಬಿಕೆ ಇದೆ: ಕಾಯಿಲೆ ಈಗಷ್ಟೇ ಶುರುವಾಯಿತು, ಯಾರೋ ಮಾಡಿದ ಯಾವುದೋ ಒಂದು ಕೆಲಸದಿಂದ ಶುರುವಾಯಿತು ಎಂಬ ನಂಬಿಕೆ. ಅದು ತಪ್ಪು ಎಂದು ತೋರಿಸುವುದು ನನ್ನ ಉದ್ದೇಶ. ರಕ್ತದಲ್ಲಿ ಸಕ್ಕರೆ ಏರುವುದು ಈ ಕಾಯಿಲೆಯ ಕೊನೆಯ ಅಂಕಗಳಲ್ಲೊಂದು. ಅದಕ್ಕೆ ತಿಂಗಳುಗಳ, ಎಷ್ಟೋ ಮಕ್ಕಳಲ್ಲಿ ವರ್ಷಗಳ ಮೊದಲೇ, ರೋಗನಿರೋಧಕ ವ್ಯವಸ್ಥೆ ತನ್ನದು ಯಾವುದು ಪರರದು ಯಾವುದು ಎಂದು ಕಲಿಯುತ್ತಿರುವ ವಯಸ್ಸಿನಲ್ಲೇ, ಕಾಯಿಲೆ ಹುಟ್ಟಿರುತ್ತದೆ. ಅದು ಯಾವ ವಯಸ್ಸಿನಲ್ಲಿ ಹುಟ್ಟಿತು ಎಂಬುದೇ ಮುಂದೆ ಅದು ಎಷ್ಟು ಉಗ್ರವಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಈ ತಿಳಿವಳಿಕೆ ತಡವಾಗಿ ಬಂದದ್ದಕ್ಕೆ ಒಂದು ದೊಡ್ಡ ಗೆಲುವೇ ಕಾರಣ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲೆನರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಅಲ್ಲಿಯವರೆಗೆ ಈ ಕಾಯಿಲೆ ಬಂದ ಮಗು ಬದುಕುಳಿಯುವ ಮಾತೇ ಇರಲಿಲ್ಲ. ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಾಡ್, ಕಾಲಿಪ್ ಇವರ ಕೆಲಸದಿಂದ ಸಾವು ದೂರವಾಯಿತು. ಜೊತೆಗೆ, ಕಾಯಿಲೆ ಎಂದರೆ ಇನ್ಸುಲಿನ್ ಕೊರತೆ ಅಷ್ಟೇ ಎಂಬ ಭಾವನೆಯೂ ಗಟ್ಟಿಯಾಯಿತು. ಇಲ್ಲದ್ದನ್ನು ತುಂಬಿದರೆ ಸಾಕು ಎಂದಾದಾಗ, ಇದ್ದದ್ದು ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆಯಾದರು. ಆ ಪ್ರಶ್ನೆಯನ್ನು ಮತ್ತೆ ಎತ್ತಿದವರು ಬೆಲ್ಜಿಯಂನ ವಿಲ್ಲಿ ಗೆಪ್ಟ್ಸ್. ಕಾಯಿಲೆ ಕಾಣಿಸಿಕೊಂಡ ಕೆಲವೇ ತಿಂಗಳಲ್ಲಿ ತೀರಿಕೊಂಡ ಎಳೆಯರ ಮೇದೋಜೀರಕ ಗ್ರಂಥಿಗಳನ್ನು ಅವರು ಸೂಕ್ಷ್ಮದರ್ಶಕದಡಿ ಪರಿಶೀಲಿಸಿ 1965ರಲ್ಲಿ ಪ್ರಕಟಿಸಿದರು. 22 ಜನರಲ್ಲಿ 15 ಮಂದಿಯ ಗ್ರಂಥಿಯೊಳಗೆ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿರುವ ಪುಟ್ಟ ದ್ವೀಪಗಳನ್ನು ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದವು. ಮುತ್ತಿಗೆ ಹಾಕಿದ್ದು ಹೊರಗಿನ ಶತ್ರುವಲ್ಲ, ಮೈಯ ಕಾವಲುಪಡೆಯೇ. 1974ರಲ್ಲಿ ಲಂಡನ್ನಿನಲ್ಲಿ ಬೊಟ್ಟಾಟ್ಸೊ ಮತ್ತು ಡೆಬೊರಾ ಡೊನಿಯಾಕ್ ಅವರ ತಂಡ ಈ ದ್ವೀಪಗಳ ವಿರುದ್ಧವೇ ರಕ್ತದಲ್ಲಿ ಪ್ರತಿಕಾಯಗಳು ಇರುವುದನ್ನು ತೋರಿಸಿತು. ಅದೇ ಹೊತ್ತಿಗೆ, ಪರಕೀಯ ವಸ್ತುವಿನ ತುಣುಕನ್ನು ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಮುಂದೆ ಹಿಡಿಯುವ ಎಚ್‌ಎಲ್‌ಎ ಎಂಬ ಗುರುತುಗಳಿಗೂ ಈ ಕಾಯಿಲೆಗೂ ನಂಟು ಇದೆಯೆಂದು ಗೊತ್ತಾಯಿತು. 1986ರಲ್ಲಿ ಅಮೆರಿಕದ ಜಾರ್ಜ್ ಐಸೆನ್‌ಬಾರ್ತ್ ಈ ಎಳೆಗಳನ್ನೆಲ್ಲ ಸೇರಿಸಿ, ಇದು ಥಟ್ಟನೆ ಬರುವ ಕಾಯಿಲೆಯಲ್ಲ, ನಿಧಾನವಾಗಿ ನಡೆಯುವ ಸ್ವಯಂನಿರೋಧಕ ಕಾಯಿಲೆ ಎಂದು ವಾದಿಸಿದರು. ಮುಂದಿನ ನಾಲ್ಕು ದಶಕಗಳ ಸಂಶೋಧನೆ ನಿಂತಿರುವುದು ಆ ವಾದದ ಮೇಲೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಾವಲುಪಡೆ ಮನೆಯವರ ಮೇಲೆ ತಿರುಗಿಬೀಳುವುದು ಯಾಕೆ? ಟಿ ಕೋಶಗಳು ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಬೆಳೆದು ಹೊರಬರುತ್ತವೆ. ಎಳೆತನದಲ್ಲಿ ಈ ಗ್ರಂಥಿ ದೊಡ್ಡದಾಗಿ, ಬಿಡುವಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಪ್ರಾಯ ಬಂದ ಮೇಲೆ ಕುಗ್ಗುತ್ತಾ ಹೋಗುತ್ತದೆ. ಅಲ್ಲಿ ಮೈಯ ಬೇರೆಬೇರೆ ಅಂಗಗಳ ಪ್ರೋಟೀನುಗಳನ್ನು ಚೂರುಚೂರಾಗಿ ಟಿ ಕೋಶಗಳಿಗೆ ತೋರಿಸಲಾಗುತ್ತದೆ, ಅವುಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಕೋಶಗಳನ್ನು ಅಲ್ಲೇ ಕೊಲ್ಲಲಾಗುತ್ತದೆ. ಹೀಗೆ ತೋರಿಸುವ ಪ್ರೋಟೀನುಗಳಲ್ಲಿ ಇನ್ಸುಲಿನ್ ಕೂಡ ಒಂದು. ಎಷ್ಟು ತೋರಿಸಲಾಗುತ್ತದೆ ಎಂಬುದು ಎಲ್ಲರಲ್ಲೂ ಒಂದೇ ಅಲ್ಲ. ಇನ್ಸುಲಿನ್ ಜೀನಿನ ಪಕ್ಕದಲ್ಲಿ ಮತ್ತೆಮತ್ತೆ ಬರುವ ಡಿಎನ್‌ಎಯ ಒಂದು ತುಂಡಿದೆ. ಅದು ಉದ್ದವಾಗಿರುವವರ ಥೈಮಸ್‌ನಲ್ಲಿ ಇನ್ಸುಲಿನ್ ಎರಡು ಮೂರು ಪಟ್ಟು ಹೆಚ್ಚು ತಯಾರಾಗುತ್ತದೆ ಎಂದು 1997ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಅಂಥವರಿಗೆ ಈ ಮಧುಮೇಹ ಬರುವ ಸಂಭವ ಕಡಿಮೆ. ಮೇದೋಜೀರಕ ಗ್ರಂಥಿಯ ಕಾಯಿಲೆಯೊಂದರ ಸಂಭವ ಎದೆಗೂಡಿನ ಗ್ರಂಥಿಯಲ್ಲಿ, ಶೈಶವದಲ್ಲಿ, ಅಷ್ಟಿಷ್ಟು ನಿರ್ಧಾರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ನನಗೆ ಕಾಣುವುದಿಲ್ಲ.

ಥೈಮಸ್‌ನ ಜರಡಿಯೂ ಪೂರ್ಣವಲ್ಲ. ತಪ್ಪಿಸಿಕೊಂಡ ಕೋಶಗಳು ಎಲ್ಲರ ಮೈಯಲ್ಲೂ ಓಡಾಡುತ್ತವೆ. ಬೀಟಾ ಕೋಶದ ಸತುವಾಹಕ ಪ್ರೋಟೀನನ್ನು ಗುರುತಿಸುವ ಟಿ ಕೋಶಗಳು ಆರೋಗ್ಯವಂತರ ರಕ್ತದಲ್ಲೂ ಮಧುಮೇಹಿಗಳ ರಕ್ತದಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇರುತ್ತವೆ ಎಂದು 2018ರ ಒಂದು ಅಧ್ಯಯನ ತೋರಿಸಿತು. ವ್ಯತ್ಯಾಸ ಕಂಡದ್ದು ರಕ್ತದಲ್ಲಲ್ಲ. ಮಧುಮೇಹ ಬಂದವರ ಮೇದೋಜೀರಕ ಗ್ರಂಥಿಯಲ್ಲಿ ಅವು ಹೆಚ್ಚಾಗಿ ಕೂಡಿಕೊಂಡಿದ್ದವು. ಅಂದರೆ ಅಪಾಯಕಾರಿ ಕೋಶ ಇರುವುದು ಸಹಜ, ಅದು ಸುಮ್ಮನಿರುವುದೇ ಆರೋಗ್ಯ. ಅದನ್ನು ಸುಮ್ಮನಿರಿಸುವ ಕೋಶಗಳನ್ನು ನಿಯಂತ್ರಕ ಟಿ ಕೋಶಗಳು ಎನ್ನುತ್ತೇವೆ. ಜಪಾನಿನ ಶಿಮೊನ್ ಸಕಾಗುಚಿ ಅವುಗಳನ್ನು ಗುರುತಿಸಿದರು. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವುಗಳ ಹಿಂದಿರುವ ಫಾಕ್ಸ್‌ಪಿ3 ಜೀನನ್ನು ಪತ್ತೆಮಾಡಿದರು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಸಂದಿತು. ಈ ಜೀನ್ ಕೆಟ್ಟು ಹುಟ್ಟುವ ಅಪರೂಪದ ಗಂಡುಮಕ್ಕಳಲ್ಲಿ ಕರುಳು, ಚರ್ಮ, ಥೈರಾಯ್ಡ್ ಎಲ್ಲವೂ ದಾಳಿಗೆ ಸಿಲುಕುತ್ತವೆ, ಹಲವರಿಗೆ ಹುಟ್ಟಿದ ಕೆಲವೇ ವಾರ ತಿಂಗಳುಗಳಲ್ಲಿ ಮಧುಮೇಹ ಬರುತ್ತದೆ. ಸಾಮಾನ್ಯ ಟೈಪ್ ಒನ್ ಮಕ್ಕಳಲ್ಲಿ ಕಥೆ ಇಷ್ಟು ಸರಳವಾಗಿಲ್ಲ. ಅವರಲ್ಲಿ ನಿಯಂತ್ರಕ ಕೋಶಗಳ ಸಂಖ್ಯೆ ದೊಡ್ಡದಾಗಿ ಕುಸಿದಿರುವುದಿಲ್ಲ. ಅವುಗಳನ್ನು ಚುರುಕಾಗಿಡುವ ಇಂಟರ್‌ಲ್ಯೂಕಿನ್-2 ಎಂಬ ಸಂಕೇತಕ್ಕೆ ಅವು ಮಂದವಾಗಿ ಸ್ಪಂದಿಸುತ್ತವೆ, ದಾಳಿಕೋರ ಕೋಶಗಳು ಅವುಗಳ ಹಿಡಿತಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಕೊರತೆ ಇರುವುದು ಎಣಿಕೆಯಲ್ಲಲ್ಲ, ಹತೋಟಿಯಲ್ಲಿ.

ಹತೋಟಿ ತಪ್ಪಿದ್ದಕ್ಕೆ ನಾವು ಅಳೆಯಬಲ್ಲ ಮೊದಲ ಗುರುತು ಪ್ರತಿಕಾಯಗಳು. ಇಲ್ಲಿ ಮಕ್ಕಳ ವಯಸ್ಸು ಎದ್ದು ಕಾಣುತ್ತದೆ. ಫಿನ್ಲೆಂಡ್ 1994ರಿಂದ, ಎಚ್‌ಎಲ್‌ಎ ದೃಷ್ಟಿಯಿಂದ ಅಪಾಯವಿರುವ ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸುತ್ತಾ ಬಂದಿದೆ. ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್ ಸೇರಿ ನಡೆಸಿದ ಟೆಡ್ಡಿ ಅಧ್ಯಯನ ನಾಲ್ಕು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿ ಎಂಟೂವರೆ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡಿತು. ಎರಡೂ ಕಡೆ ಕಂಡದ್ದು ಒಂದೇ: ಇನ್ಸುಲಿನ್ ವಿರುದ್ಧದ ಪ್ರತಿಕಾಯ ಮೊದಲು ಕಾಣಿಸಿಕೊಳ್ಳುವುದಾದರೆ ಅದು ಬಹುಪಾಲು ಒಂದೆರಡು ವರ್ಷದ ಕೂಸಿನಲ್ಲೇ. ಜಿಎಡಿ ಎಂಬ ಕಿಣ್ವದ ವಿರುದ್ಧದ ಪ್ರತಿಕಾಯ ಮೊದಲು ಬರುವ ಮಕ್ಕಳಲ್ಲಿ ಅದು ಸ್ವಲ್ಪ ತಡವಾಗಿ ತಲೆಯೆತ್ತಿ, ಮುಂದಿನ ವರ್ಷಗಳಲ್ಲೂ ಹೊಸ ಮಕ್ಕಳಲ್ಲಿ ಕಾಣುತ್ತಾ ಹೋಗುತ್ತದೆ. ಮೊದಲ ದಾರಿ ಡಿಆರ್4 ಎಂಬ ಎಚ್‌ಎಲ್‌ಎ ಬಗೆಗೂ ಎರಡನೆಯದು ಡಿಆರ್3ಕ್ಕೂ ಹೆಚ್ಚು ಹತ್ತಿರ. ಅಂದರೆ ಒಂದೇ ಹೆಸರಿನ ಕಾಯಿಲೆಗೆ ಕನಿಷ್ಠ ಎರಡು ಹೆಬ್ಬಾಗಿಲುಗಳಿವೆ, ಒಂದು ಬಾಗಿಲು ಎಳೆಯ ವಯಸ್ಸಿನಲ್ಲೇ ಹೆಚ್ಚು ತೆರೆದಿರುತ್ತದೆ. ಒಂದು ಪ್ರತಿಕಾಯ ಕಂಡ ಮಗುವಿನ ಹಾದಿ ಅಲ್ಲಿಗೇ ನಿಲ್ಲಬಹುದು, ಹಿಂದಕ್ಕೂ ಹೋಗಬಹುದು. ಎರಡು ಅಥವಾ ಹೆಚ್ಚು ಬಂದರೆ ಮಾತು ಬೇರೆ. ಫಿನ್ಲೆಂಡ್, ಜರ್ಮನಿ ಮತ್ತು ಅಮೆರಿಕದ ಕೊಲರಾಡೊದ ಮಕ್ಕಳನ್ನು ಒಟ್ಟಿಗೆ ನೋಡಿದ 2013ರ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಪ್ರತಿಕಾಯವಿದ್ದ 585 ಮಕ್ಕಳಲ್ಲಿ ಸುಮಾರು ಶೇಕಡಾ 70ರಷ್ಟು ಮಂದಿಗೆ ಹತ್ತು ವರ್ಷದೊಳಗೆ, ಶೇಕಡಾ 84ರಷ್ಟು ಮಂದಿಗೆ ಹದಿನೈದು ವರ್ಷದೊಳಗೆ ಮಧುಮೇಹ ಬಂತು. ಒಂದೇ ಪ್ರತಿಕಾಯವಿದ್ದವರಲ್ಲಿ ಹತ್ತು ವರ್ಷಕ್ಕೆ ಆ ಪ್ರಮಾಣ ಶೇಕಡಾ 14.5 ಮಾತ್ರ. ಮೂರು ವರ್ಷ ತುಂಬುವ ಮೊದಲೇ ಪ್ರತಿಕಾಯ ಮೂಡಿದ ಮಕ್ಕಳು ಉಳಿದವರಿಗಿಂತ ಬೇಗ ಕಾಯಿಲೆಗೆ ಬಿದ್ದರು. ಇದೇ ಆಧಾರದ ಮೇಲೆ 2015ರಿಂದ ಕಾಯಿಲೆಯನ್ನು ಮೂರು ಹಂತಗಳಾಗಿ ಎಣಿಸುವ ಕ್ರಮ ಬಂತು: ಪ್ರತಿಕಾಯಗಳಿದ್ದು ಸಕ್ಕರೆ ಸರಿಯಾಗಿಯೇ ಇರುವುದು ಒಂದನೆಯದು, ಸಕ್ಕರೆ ಏರುಪೇರಾಗತೊಡಗಿದ್ದು ಎರಡನೆಯದು, ಲಕ್ಷಣಗಳು ಹೊರಬಿದ್ದದ್ದು ಮೂರನೆಯದು. ನಮ್ಮ ಮನೆಗಳಲ್ಲಿ ಕಾಯಿಲೆಯ ಮೊದಲ ದಿನ ಎಂದು ನೆನಪಿಟ್ಟುಕೊಳ್ಳುವ ದಿನ ಈ ಲೆಕ್ಕದಲ್ಲಿ ಮೂರನೆಯ ಹಂತದ ಬಾಗಿಲು.

ವಯಸ್ಸಿನ ಗುರುತು ರಕ್ತದಲ್ಲಿ ಮಾತ್ರವಲ್ಲ, ಗ್ರಂಥಿಯೊಳಗೂ ಬಿದ್ದಿರುತ್ತದೆ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ನೋಯಲ್ ಮಾರ್ಗನ್ ಮತ್ತು ಸಾರಾ ರಿಚರ್ಡ್‌ಸನ್ ಅವರ ಬಳಗ, ಹಿಂದೆ ಗ್ಲಾಸ್ಗೊದಲ್ಲಿ ಅಲನ್ ಫೌಲಿಸ್ ಜೋಪಾನವಾಗಿ ಕೂಡಿಟ್ಟ ಮಕ್ಕಳ ಅಂಗಾಂಶಗಳನ್ನು ಹೊಸ ವಿಧಾನಗಳಿಂದ ಮತ್ತೆ ನೋಡಿತು. ಏಳು ವರ್ಷಕ್ಕೆ ಮೊದಲೇ ಕಾಯಿಲೆ ಬಿದ್ದ ಮಕ್ಕಳ ದ್ವೀಪಗಳಲ್ಲಿ ಕೊಲ್ಲುವ ಟಿ ಕೋಶಗಳ ಜೊತೆಗೆ, ಪ್ರತಿಕಾಯ ತಯಾರಿಸುವ ಬಿ ಕೋಶಗಳೂ ದಟ್ಟವಾಗಿ ನೆರೆದಿದ್ದವು, ಇನ್ಸುಲಿನ್ ಉಳಿದ ದ್ವೀಪಗಳು ತೀರ ಕಡಿಮೆಯಿದ್ದವು. ಹದಿಮೂರು ದಾಟಿದ ಮೇಲೆ ಕಾಯಿಲೆ ಬಂದವರಲ್ಲಿ ಬಿ ಕೋಶಗಳು ವಿರಳವಾಗಿದ್ದವು, ಸುಮಾರು ಐದರಲ್ಲಿ ಎರಡು ದ್ವೀಪಗಳಲ್ಲಿ ಇನ್ನೂ ಇನ್ಸುಲಿನ್ ಇತ್ತು. ಬೀಟಾ ಕೋಶಗಳ ಶೇಕಡಾ 90ರಷ್ಟು ನಾಶವಾದ ಮೇಲೆಯೇ ಕಾಯಿಲೆ ಹೊರಬೀಳುತ್ತದೆ ಎಂದು ಪಠ್ಯಪುಸ್ತಕಗಳು ಬಹಳ ಕಾಲ ಹೇಳುತ್ತಾ ಬಂದವು. ಆ ಮಾತು ಎಳೆಯ ಮಕ್ಕಳಿಗೆ ಹೊಂದಬಹುದು, ದೊಡ್ಡ ಮಕ್ಕಳಿಗೆ ಹೊಂದುವುದಿಲ್ಲ. ವೈದ್ಯರು ಹಾಸಿಗೆಯ ಪಕ್ಕದಲ್ಲಿ ಕಾಣುವುದೂ ಇದನ್ನೇ: ಮೂರು ವರ್ಷದ ಮಗುವಿನ ಇನ್ಸುಲಿನ್ ಬೇಗ ಬತ್ತಿಹೋಗುತ್ತದೆ, ಹದಿನೈದರ ಹುಡುಗಿಯಲ್ಲಿ ಚಿಕಿತ್ಸೆ ಶುರುವಾದ ಮೇಲೆ ಕೆಲವು ತಿಂಗಳು ಬೇಡಿಕೆ ಇಳಿಯುವ ಬಿಡುವಿನ ಕಾಲ ಸಾಮಾನ್ಯವಾಗಿ ಹೆಚ್ಚು ಉದ್ದ. ರೋಗನಿರೋಧಕ ವ್ಯವಸ್ಥೆಯ ವಯಸ್ಸೇ ಕಾಯಿಲೆಯ ಸ್ವಭಾವ ಎಂಬ ನನ್ನ ವಾದಕ್ಕೆ ಇದು ಬೆನ್ನೆಲುಬು.

ಇಷ್ಟಾದರೂ ಗಂಭೀರ ಆಕ್ಷೇಪಗಳಿವೆ. ಮೊದಲನೆಯದು, ಪ್ರತಿಕಾಯಗಳನ್ನು ಕಾಯಿಲೆಯ ಆರಂಭ ಎನ್ನುವುದು ಸರಿಯೇ ಎಂಬುದು. 2001ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ, ಹುಟ್ಟಿನಿಂದಲೇ ಬಿ ಕೋಶಗಳ ತೀವ್ರ ಕೊರತೆಯಿದ್ದ ಹುಡುಗನೊಬ್ಬನಿಗೂ ಈ ಮಧುಮೇಹ ಬಂತು. ಪ್ರತಿಕಾಯ ತಯಾರಿಸಲಾರದ ಮೈಯಲ್ಲೂ ಬೀಟಾ ಕೋಶಗಳು ನಾಶವಾದವು. ಆಕ್ಷೇಪ ಒಪ್ಪತಕ್ಕದ್ದೇ. ಪ್ರತಿಕಾಯ ಕೊಲೆಗಾರನಲ್ಲ, ಕೊಲ್ಲುವ ಕೆಲಸ ಟಿ ಕೋಶಗಳದು. ಪ್ರತಿಕಾಯ ಒಳಗೆ ನಡೆಯುತ್ತಿರುವುದರ ಸುಳಿವು. ಸುಳಿವು ಕಾರಣವಾಗಿರಬೇಕಿಲ್ಲ, ನಂಬಿಕೆಗೆ ಅರ್ಹವಾಗಿದ್ದರೆ ಸಾಕು, ಮೇಲಿನ ಅಂಕಿಗಳು ಆ ನಂಬಿಕೆಯನ್ನು ಕೊಡುತ್ತವೆ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳದ್ದು. ಬೀಟಾ ಕೋಶದ ಸಾವು ಕೊಲೆಯೋ ಆತ್ಮಹತ್ಯೆಯೋ ಎಂದು 1986ರಲ್ಲೇ ಬೊಟ್ಟಾಟ್ಸೊ ಕೇಳಿದ್ದರು. ತಪ್ಪೆಲ್ಲ ರೋಗನಿರೋಧಕ ವ್ಯವಸ್ಥೆಯದೇ, ಅಥವಾ ಬೀಟಾ ಕೋಶವೇ ಕೆಟ್ಟು ದಾಳಿಯನ್ನು ಕರೆದುಕೊಂಡಿತೇ? ಈ ಪ್ರಶ್ನೆಗೆ ಆಧಾರ ಗಟ್ಟಿಯಾಗಿದೆ. ಮಧುಮೇಹ ಬಂದವರ ದ್ವೀಪಗಳಲ್ಲಿ ಎಚ್‌ಎಲ್‌ಎ ಒಂದನೇ ವರ್ಗದ ಗುರುತುಗಳು ವಿಪರೀತ ಹೆಚ್ಚಿರುತ್ತವೆ, ಅಂದರೆ ಕೊಲ್ಲುವ ಟಿ ಕೋಶಗಳಿಗೆ ಬೀಟಾ ಕೋಶ ತನ್ನನ್ನು ತಾನೇ ಎದ್ದು ತೋರಿಸಿಕೊಂಡಿರುತ್ತದೆ. ಅಪಾಯವಿರುವ ಮಕ್ಕಳ ರಕ್ತದಲ್ಲಿ, ಪ್ರತಿಕಾಯ ಮೂಡುವುದಕ್ಕೂ ಮೊದಲೇ, ವೈರಸ್ ಸೋಂಕಿನ ಹೊತ್ತಿಗೆ ಏಳುವ ಇಂಟರ್‌ಫೆರಾನ್ ಸಂಕೇತದ ಗುರುತು ಕಂಡಿದೆ. ಕಾಕ್ಸ್‌ಸಾಕಿ ಬಿ ಜಾತಿಯ ಕರುಳಿನ ವೈರಸ್ಸುಗಳ ಮೇಲೆ ದಶಕಗಳಿಂದ ಇರುವ ಸಂದೇಹಕ್ಕೆ ಇದು ಹೊಂದುತ್ತದೆ. ನನ್ನ ತೀರ್ಮಾನ ಇಷ್ಟು: ಕೊಲೆಯೋ ಆತ್ಮಹತ್ಯೆಯೋ ಎಂದು ಎರಡರಲ್ಲೊಂದನ್ನು ಆರಿಸಬೇಕಾಗಿಲ್ಲ. ಬೀಟಾ ಕೋಶ ಸಂಕಟದಲ್ಲಿ ಕೂಗಿದ್ದು ನಿಜವಿರಬಹುದು. ಆ ಕೂಗಿಗೆ ಬಂದ ಪಡೆ ಕೆಲಸ ಮುಗಿಸಿ ಹಿಂದಿರುಗದೆ ವರ್ಷಗಟ್ಟಲೆ ಅಲ್ಲೇ ನಿಂತು ಕೊಲ್ಲುತ್ತಾ ಹೋಗುವುದು ಮಾತ್ರ ಹತೋಟಿ ತಪ್ಪಿದ ರೋಗನಿರೋಧಕ ವ್ಯವಸ್ಥೆಯ ಲಕ್ಷಣ. ಎಷ್ಟೋ ಮಕ್ಕಳಿಗೆ ಅದೇ ವೈರಸ್ ಬಂದು ಹೋಗುತ್ತದೆ; ಮಧುಮೇಹ ಬರುವುದು ಬೆರಳೆಣಿಕೆಯಷ್ಟು ಮಂದಿಗೆ.

ಹಾಗಾದರೆ ಎಲ್ಲವೂ ಹುಟ್ಟಿನಲ್ಲೇ ಬರೆದದ್ದೇ, ಜೀನೇ ಹಣೆಬರಹವೇ ಎಂದು ಕೇಳಬಹುದು. ಇಲ್ಲ. ಈ ಕಾಯಿಲೆ ಬರುವ ಪ್ರತಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಹತ್ತಿರದ ಸಂಬಂಧಿಕರಲ್ಲಿ ಯಾರಿಗೂ ಅದು ಇರುವುದಿಲ್ಲ. ಯಾರ ಕಡೆಯಿಂದ ಬಂತು ಎಂದು ಹುಡುಕುವ ಮನೆಗಳು ಇದನ್ನು ಗಮನಿಸಬೇಕು. ಒಂದೇ ಜೀನುಗಳ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವ ಪ್ರಮಾಣ ಅರವತ್ತರ ವಯಸ್ಸಿಗೆ ಸುಮಾರು ಶೇಕಡಾ 65ಕ್ಕೆ ಏರುತ್ತದೆ ಎಂದು 2008ರ ವರದಿ ಹೇಳಿತು. ಜೀನು ದಾರಿ ತೆರೆಯುತ್ತದೆ, ನಡೆಸುವುದು ಬೇರೇನೋ. ಆ ಬೇರೇನೋ ಎಷ್ಟು ದೊಡ್ಡದೆಂದು ತೋರಿಸುವ ಜಾಗ ಫಿನ್ಲೆಂಡ್ ಮತ್ತು ರಷ್ಯಾದ ಕರೇಲಿಯಾ ನಡುವಿನ ಗಡಿ. ಎರಡು ಕಡೆಯ ಜನರಲ್ಲಿ ಅಪಾಯದ ಎಚ್‌ಎಲ್‌ಎ ಬಗೆಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿವೆ. ಆದರೂ 1990ರ ದಶಕದಲ್ಲಿ ಫಿನ್ಲೆಂಡಿನ ಮಕ್ಕಳಲ್ಲಿ ಕಾಯಿಲೆ ಆರು ಪಟ್ಟು ಹೆಚ್ಚಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನ ಎರಡೂ ಕಡೆಯ ಕೂಸುಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೋಲಿಸಿತು. ಫಿನ್ಲೆಂಡಿನ ಮಕ್ಕಳಲ್ಲಿ ಬ್ಯಾಕ್ಟೀರಾಯ್ಡಿಸ್ ಹೆಚ್ಚು; ಅದರ ಹೊರಪದರದ ವಸ್ತು ರೋಗನಿರೋಧಕ ಕೋಶಗಳನ್ನು ಎಚ್ಚರಿಸುವುದರ ಬದಲು ಮಂಕಾಗಿಸುತ್ತದೆ. ಕಲಿಯುವ ವಯಸ್ಸಿನಲ್ಲಿ ಸಿಗಬೇಕಾದ ಸಾಣೆ ಸಿಗದೆ ಹೋದರೆ ಹತೋಟಿಯೂ ಬಲಿಯುವುದಿಲ್ಲ ಎಂಬುದು ಇದರ ಹಿಂದಿನ ಊಹೆ. ಇದು ಕೊನೆಯ ಮಾತಲ್ಲ, ಆದರೆ ಶೈಶವದ ಕಡೆಗೇ ಬೆರಳು ತೋರುತ್ತದೆ. ಕೊಳಕಿನಲ್ಲಿ ಬೆಳೆಸಿ ಎಂದು ಇದರಿಂದ ಯಾರೂ ಅರ್ಥ ಮಾಡಿಕೊಳ್ಳಬಾರದು. ಭೇದಿಗೆ ಬಲಿಯಾಗುವ ಕೂಸುಗಳಿರುವ ನಾಡಿನಲ್ಲಿ ಅದು ಕ್ರೂರ ಸಲಹೆ.

ಚುಚ್ಚುಮದ್ದಿನ ಪ್ರಶ್ನೆಗೆ ಉತ್ತರ ಇದಕ್ಕಿಂತ ಸ್ಪಷ್ಟ. ಡೆನ್ಮಾರ್ಕಿನಲ್ಲಿ 1990ರಿಂದ 2000ದವರೆಗೆ ಹುಟ್ಟಿದ 7,39,694 ಮಕ್ಕಳನ್ನು ದಾಖಲೆಗಳ ಮೂಲಕ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಬಂತು. ಅವರಲ್ಲಿ 681 ಮಕ್ಕಳಿಗೆ ಟೈಪ್ ಒನ್ ಮಧುಮೇಹ ಬಂದಿತ್ತು. ಬಾಲ್ಯದ ಯಾವ ಲಸಿಕೆಗೂ ಅದಕ್ಕೂ ನಂಟು ಕಾಣಲಿಲ್ಲ. ಲಸಿಕೆ ಹಾಕಿಸುವ ವಯಸ್ಸೂ ಪ್ರತಿಕಾಯ ಮೂಡುವ ವಯಸ್ಸೂ ಒಂದೇ ಆದ್ದರಿಂದ ಸಂದೇಹ ಹುಟ್ಟುವುದು ಸಹಜ. ಒಟ್ಟೊಟ್ಟಿಗೆ ಬಂದದ್ದೆಲ್ಲ ಒಂದರಿಂದ ಒಂದು ಆದದ್ದಲ್ಲ ಎಂಬುದನ್ನು ಇಷ್ಟು ದೊಡ್ಡ ಲೆಕ್ಕ ಮಾತ್ರ ಖಚಿತವಾಗಿ ಹೇಳಬಲ್ಲದು. ಇದರ ಜೊತೆಗೇ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಈ ಮಕ್ಕಳ ರೋಗನಿರೋಧಕ ಶಕ್ತಿ ಕಡಿಮೆ, ಅದನ್ನು ಹೆಚ್ಚಿಸಬೇಕು ಎಂದು ಕಷಾಯ, ಪುಡಿ, ಟಾನಿಕ್ಕುಗಳನ್ನು ಕೊಡುವವರಿದ್ದಾರೆ. ಕಾಯಿಲೆಯ ಬೇರಿನಲ್ಲಿ ಇರುವುದು ಬಲದ ಕೊರತೆಯಲ್ಲ, ಗುರಿ ತಪ್ಪಿದ ಬಲ. ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳ ಕೆಲಸ ಕುಂದುವುದು ನಿಜ. ಅದಕ್ಕೆ ಮದ್ದು ಇನ್ಸುಲಿನ್. ಇನ್ಸುಲಿನ್ ಬಿಡಿಸಿ ಶಕ್ತಿ ಹೆಚ್ಚಿಸುವೆನೆಂದು ಹೊರಡುವುದು ಮಗುವಿನ ಜೀವಕ್ಕೇ ಅಪಾಯ. ಎಲ್ಲ ಮಕ್ಕಳಿಗೆ ಹಾಕುವ ಲಸಿಕೆಗಳನ್ನು ಈ ಮಕ್ಕಳಿಗೂ ತಪ್ಪದೆ ಹಾಕಿಸಬೇಕು. ಗೋಧಿಯ ಅಂಟಿಗೆ ಕರುಳು ತಿರುಗಿಬೀಳುವ ಸೀಲಿಯಾಕ್ ಕಾಯಿಲೆ, ಥೈರಾಯ್ಡ್ ಮೇಲಿನ ದಾಳಿ ಇವು ಇದೇ ಹತೋಟಿತಪ್ಪಿನ ಒಡಹುಟ್ಟುಗಳಾದ್ದರಿಂದ ಅವುಗಳ ಮೇಲೂ ಕಣ್ಣಿಡಬೇಕು.

ಒಂದು ವಾದದ ನಿಜವಾದ ಪರೀಕ್ಷೆ ಅದರಂತೆ ನಡೆದರೆ ಫಲ ಸಿಗುತ್ತದೆಯೇ ಎಂಬುದರಲ್ಲಿದೆ. ಕಾಯಿಲೆ ಸಕ್ಕರೆಗಿಂತ ಮೊದಲೇ ಇರುವುದಾದರೆ, ಸಕ್ಕರೆ ಏರುವ ಮೊದಲು ರೋಗನಿರೋಧಕ ವ್ಯವಸ್ಥೆಯನ್ನು ತಿದ್ದಿದಾಗ ಕಾಯಿಲೆ ಹಿಂದೆ ಸರಿಯಬೇಕು. ಮೊದಲ ಯತ್ನಗಳು ಸೋತವು. ಅಪಾಯವಿರುವ ಸಂಬಂಧಿಕರಿಗೆ ಸಣ್ಣ ಪ್ರಮಾಣದ ಇನ್ಸುಲಿನ್ ಚುಚ್ಚಿ ನೋಡಿದ ಅಮೆರಿಕದ ದೊಡ್ಡ ಪ್ರಯೋಗ ಕಾಯಿಲೆಯನ್ನು ತಡೆಯಲಿಲ್ಲವೆಂದು 2002ರಲ್ಲಿ ಗೊತ್ತಾಯಿತು. ವಿರೋಧಿಸುವವರು ಆಗ ಈ ವಾದವೇ ಸುಳ್ಳು ಎಂದಿದ್ದರೆ ಅದರಲ್ಲಿ ಅರ್ಥವಿತ್ತು. 2019ರಲ್ಲಿ ಚಿತ್ರ ಬದಲಾಯಿತು. ಟಿ ಕೋಶಗಳ ಮೇಲಿರುವ ಸಿಡಿ3 ಗುರುತಿಗೆ ಅಂಟಿಕೊಳ್ಳುವ ಟೆಪ್ಲಿಜುಮಾಬ್ ಎಂಬ ಔಷಧಿಯನ್ನು, ಎರಡನೆಯ ಹಂತದಲ್ಲಿದ್ದ 76 ಜನರಲ್ಲಿ 44 ಮಂದಿಗೆ ಹದಿನಾಲ್ಕು ದಿನ ಕೊಡಲಾಯಿತು. ಭಾಗವಹಿಸಿದವರಲ್ಲಿ ಹೆಚ್ಚಿನವರು ಮಕ್ಕಳು. ಔಷಧಿ ಸಿಗದವರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು 24 ತಿಂಗಳಲ್ಲಿ ಮಧುಮೇಹ ಬಂದರೆ, ಸಿಕ್ಕವರಲ್ಲಿ ಅದು 48 ತಿಂಗಳಿಗೆ ಹೋಯಿತು. 2022ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಂಟು ವರ್ಷ ಮೇಲ್ಪಟ್ಟವರಿಗೆ ಇದನ್ನು ಒಪ್ಪಿತು. ಇದು ವಾಸಿಮಾಡುವ ಔಷಧಿಯಲ್ಲ, ಎಲ್ಲರಿಗೂ ಒಂದೇ ಫಲ ಕೊಡುವುದೂ ಇಲ್ಲ. ಆದರೆ ಸಕ್ಕರೆಯನ್ನು ನೇರವಾಗಿ ಮುಟ್ಟದ, ಟಿ ಕೋಶವನ್ನಷ್ಟೇ ಮುಟ್ಟುವ ಔಷಧಿಯಿಂದ ಮಧುಮೇಹ ಎರಡು ವರ್ಷ ಮುಂದಕ್ಕೆ ಹೋಯಿತು ಎಂಬುದು ಕಾಯಿಲೆಯ ಮೂಲ ಎಲ್ಲಿದೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ. ಒಂಬತ್ತು ವರ್ಷದ ಮಗುವಿನ ಪಾಲಿಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಿಲ್ಲದ ಎರಡು ವರ್ಷ ಸಣ್ಣ ಕೊಡುಗೆಯೂ ಅಲ್ಲ.

ಇದೆಲ್ಲ ಫಿನ್ಲೆಂಡಿನ, ಅಮೆರಿಕದ ಮಾತಾಯಿತು; ನಮಗೆ ಎಷ್ಟು ಅನ್ವಯ ಎಂಬ ಆಕ್ಷೇಪ ನ್ಯಾಯವಾದದ್ದು. ಫಿನ್ಲೆಂಡಿನಲ್ಲಿ ಹದಿನೈದರೊಳಗಿನ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 50ಕ್ಕೂ ಹೆಚ್ಚು ಹೊಸ ಪ್ರಕರಣಗಳು ಬಂದರೆ, ಕರ್ನಾಟಕದ ನೋಂದಣಿಯ ಆಧಾರದಲ್ಲಿ ಪ್ರಕಟವಾದ ಲೆಕ್ಕ ಲಕ್ಷಕ್ಕೆ ಹುಡುಗರಲ್ಲಿ 3.7, ಹುಡುಗಿಯರಲ್ಲಿ 4. ಎಚ್‌ಎಲ್‌ಎಯ ಹಂಚಿಕೆಯೂ ಬೇರೆ. ಯುರೋಪಿನಲ್ಲಿ ಡಿಆರ್4 ಮತ್ತು ಡಿಆರ್3 ಎರಡೂ ಮುಂದಿದ್ದರೆ, ದೆಹಲಿಯ ಏಮ್ಸ್‌ನಲ್ಲಿ ನರಿಂದರ್ ಮೆಹ್ರಾ ಅವರ ಬಳಗ ನಡೆಸಿದ ಅಧ್ಯಯನಗಳು ಉತ್ತರ ಭಾರತದ ರೋಗಿಗಳಲ್ಲಿ ಡಿಆರ್3 ಪ್ರಧಾನವೆಂದೂ, ಅದೂ ಯುರೋಪಿನಲ್ಲಿ ಕಾಣದ ಜೋಡಣೆಗಳಲ್ಲಿ ಬರುತ್ತದೆಂದೂ ತೋರಿಸಿವೆ. ಡಿಆರ್3ರ ದಾರಿ ಜಿಎಡಿ ಪ್ರತಿಕಾಯದಿಂದ, ತುಸು ತಡವಾಗಿ ಶುರುವಾಗುವ ದಾರಿ ಎಂದು ಆಗಲೇ ಹೇಳಿದೆ. ಹಾಗಿದ್ದರೆ ನಮ್ಮ ಮಕ್ಕಳ ಕಾಲಗಣನೆ ಫಿನ್ಲೆಂಡಿನದಕ್ಕಿಂತ ಬೇರೆಯಿರಬಹುದೆಂದು ನಿರೀಕ್ಷಿಸಲು ಕಾರಣವಿದೆ. ಅದನ್ನು ಇಲ್ಲಿನ ಮಕ್ಕಳಲ್ಲೇ ನೋಡಬೇಕು, ಅಲ್ಲಿನ ಪಟ್ಟಿಯನ್ನು ಇಲ್ಲಿಗೆ ಹಚ್ಚಿ ಕೂರಬಾರದು. ಇನ್ನೊಂದು ಎಚ್ಚರವೂ ಬೇಕು. ಆರು ತಿಂಗಳೊಳಗಿನ ಕೂಸಿಗೆ ಮಧುಮೇಹ ಬಂದರೆ ಅದು ಬಹುಪಾಲು ರೋಗನಿರೋಧಕ ವ್ಯವಸ್ಥೆಯದ್ದಲ್ಲ, ಒಂದೇ ಜೀನಿನ ದೋಷ. 2004ರಲ್ಲಿ ಪತ್ತೆಯಾದ ಅಂಥ ಒಂದು ದೋಷಕ್ಕೆ ಬಹುಪಾಲು ಇನ್ಸುಲಿನ್ ಬಿಟ್ಟು ಮಾತ್ರೆಯೇ ಸಾಕಾಗುತ್ತದೆ. ದಕ್ಷಿಣ ಭಾರತದಲ್ಲಿ ಹಿಂದಿನಿಂದ ಕಂಡುಬಂದ, ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿ ಬರುವ ಮಧುಮೇಹವೂ ಬೇರೆಯೇ ಬಗೆಯದು. ಪುಣೆಯ ರೋಗಿಗಳ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನ, ಯುರೋಪಿನ ಜೀನುಗಳಿಂದ ಕಟ್ಟಿದ ಅಪಾಯದ ಅಂಕಪಟ್ಟಿ ಭಾರತೀಯರಲ್ಲೂ ಟೈಪ್ ಒನ್ ಮತ್ತು ಟೈಪ್ ಟು ಬೇರ್ಪಡಿಸಲು ಚೆನ್ನಾಗಿಯೇ ನೆರವಾಗುತ್ತದೆಂದು ಕಂಡಿತು. ವಿವರ ಬೇರೆಯಾದರೂ ಬೇರು ಒಂದೇ ಎಂದು ನಾನು ನಂಬುವುದು ಇದರಿಂದ.

ಕೊನೆಯ ಆಕ್ಷೇಪ ದುಡ್ಡಿನದು, ಅದು ಎಲ್ಲಕ್ಕಿಂತ ಭಾರವಾದದ್ದು. ತಡೆಯುವ ಔಷಧಿ ಕೈಗೆಟುಕದ ಕಡೆ, ಮಗುವಿನ ರಕ್ತದಲ್ಲಿ ಪ್ರತಿಕಾಯ ಇದೆಯೆಂದು ಮೊದಲೇ ತಿಳಿದು ಮಾಡುವುದೇನು, ತಂದೆತಾಯಿಯ ನಿದ್ದೆ ಕೆಡಿಸುವುದನ್ನು ಬಿಟ್ಟು? ಜರ್ಮನಿಯ ಬವೇರಿಯಾ ಪ್ರಾಂತ್ಯ ಇದಕ್ಕೆ ಅಂಕಿಗಳಲ್ಲಿ ಉತ್ತರ ಕೊಟ್ಟಿದೆ. 2015ರಿಂದ 2019ರವರೆಗೆ ಅಲ್ಲಿ ಆರು ವರ್ಷದೊಳಗಿನ 90,632 ಮಕ್ಕಳನ್ನು ಪರೀಕ್ಷಿಸಿದಾಗ 280 ಮಂದಿಯಲ್ಲಿ ಆರಂಭದ ಕಾಯಿಲೆ ಕಂಡಿತು. ಹೀಗೆ ಮೊದಲೇ ಗೊತ್ತಾಗಿದ್ದವರಲ್ಲಿ ಲಕ್ಷಣದ ಹಂತ ತಲುಪಿದವರ ಪೈಕಿ ಕೀಟೋಅಸಿಡೋಸಿಸ್‌ಗೆ, ಅಂದರೆ ಇನ್ಸುಲಿನ್ ಇಲ್ಲದೆ ರಕ್ತ ಆಮ್ಲೀಯವಾಗಿ ಮಗು ಪ್ರಜ್ಞೆ ತಪ್ಪಬಹುದಾದ ಸ್ಥಿತಿಗೆ, ಬಿದ್ದವರು ಶೇಕಡಾ 3.2 ಮಾತ್ರ. ಇಟಲಿ ಇಂಥ ತಪಾಸಣೆಯನ್ನು 2023ರಲ್ಲಿ ಕಾನೂನಾಗಿಯೇ ತಂದಿತು. ಲಕ್ಷಕ್ಕೆ ನಾಲ್ಕರ ಪ್ರಮಾಣವಿರುವ ಕರ್ನಾಟಕದಲ್ಲಿ ಎಲ್ಲ ಮಕ್ಕಳಿಗೂ ಪ್ರತಿಕಾಯ ಪರೀಕ್ಷೆ ಮಾಡಿಸಬೇಕೆಂದು ನಾನು ಹೇಳಲಾರೆ. ಈಗ ಕಾಯಿಲೆ ಇರುವ ಮಕ್ಕಳ ಒಡಹುಟ್ಟಿದವರಿಗೆ ಮಾಡಿಸಬಹುದು, ಹೊಸದಾಗಿ ಕಾಯಿಲೆ ಬಿದ್ದ ಪ್ರತಿ ಮಗುವಿನಲ್ಲೂ ಮಾಡಿಸಿ ನೋಂದಣಿಯಲ್ಲಿ ಬರೆದಿಡಬಹುದು. ಅದಕ್ಕಿಂತ ಕಡಿಮೆ ಖರ್ಚಿನದು ಒಂದಿದೆ. ಇಟಲಿಯದೇ ಪಾರ್ಮಾ ಪ್ರಾಂತ್ಯದಲ್ಲಿ 1991ರಿಂದ ಶಾಲೆಗಳಲ್ಲಿ, ಮಕ್ಕಳ ವೈದ್ಯರಲ್ಲಿ ಗೋಡೆಪಟ ಹಚ್ಚಿ ತಿಳಿವಳಿಕೆ ಕೊಟ್ಟರು: ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ, ಬಾಯಾರಿಕೆ ತಡೆಯದಿದ್ದರೆ, ಅದೇ ದಿನ ಸಕ್ಕರೆ ನೋಡಿ. ಹೊಸ ರೋಗಿಗಳಲ್ಲಿ ಕೀಟೋಅಸಿಡೋಸಿಸ್ ಶೇಕಡಾ 78ರಿಂದ 12.5ಕ್ಕೆ ಇಳಿಯಿತು. ಗ್ಲುಕೋಮೀಟರಿನ ಒಂದು ಪಟ್ಟಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಿಗುತ್ತದೆ. ದಣಿದು, ಸೊರಗಿ, ವಾಂತಿ ಮಾಡುತ್ತಾ, ಏದುಸಿರು ಬಿಡುತ್ತಾ ಬಂದ ಮಗುವನ್ನು ಜ್ವರವೆಂದೋ ಅಪೆಂಡಿಕ್ಸ್ ಎಂದೋ ಕೆಮ್ಮು ಕಫವೆಂದೋ ಭಾವಿಸಿ ಕಳಿಸುವ ಮೊದಲು ಬೆರಳ ತುದಿಯಿಂದ ಒಂದು ಹನಿ ರಕ್ತ ನೋಡುವುದನ್ನು ಅಂಗನವಾಡಿ ಕಾರ್ಯಕರ್ತೆಗೂ, ಆಶಾ ಕಾರ್ಯಕರ್ತೆಗೂ, ಶಾಲಾ ಶಿಕ್ಷಕರಿಗೂ, ಕರ್ತವ್ಯದಲ್ಲಿರುವ ಯುವ ವೈದ್ಯರಿಗೂ ಕಲಿಸಲು ಹೊಸ ಔಷಧಿಗೆ ಕಾಯಬೇಕಾಗಿಲ್ಲ.